ಪಿಯುಸಿ ಜೀವಶಾಸ್ತ್ರ: ಬಾಯಿಪಾಠ ಬಿಟ್ಟು ಓದುವುದು ಹೇಗೆ

‘ಫಿಸಿಕ್ಸಿಗೆ ತಲೆ ಬೇಕು, ಬಯಾಲಜಿಗೆ ಬಾಯಿಪಾಠ ಸಾಕು’ ಎಂಬ ಮಾತು ಕೋಲಾರ, ಚಿಕ್ಕಬಳ್ಳಾಪುರದ ಕಾಲೇಜುಗಳಲ್ಲಿ ಇವತ್ತಿಗೂ ಓಡಾಡುತ್ತಿದೆ. ಇದನ್ನು ನಂಬಿದವರು ಮೊದಲ ಟೆಸ್ಟಿನಲ್ಲಿ ಒಳ್ಳೆಯ ಅಂಕ ತೆಗೆಯುತ್ತಾರೆ. ತಳಿಶಾಸ್ತ್ರ ಶುರುವಾದ ಮೇಲೆ ಎಡವುತ್ತಾರೆ. ಕೊನೆಗೆ ನೀಟ್ ಪತ್ರಿಕೆ ಎದುರಿಗೆ ಬಂದಾಗ ‘ಓದಿದ್ದೆ, ಆದರೆ ಎರಡು ಉತ್ತರ ಒಂದೇ ಥರ ಕಾಣಿಸುತ್ತಿವೆ’ ಎಂದು ಪೆನ್ನು ಕಚ್ಚುತ್ತಾ ಕೂರುತ್ತಾರೆ. ಜೀವಶಾಸ್ತ್ರದಲ್ಲಿ ನೆನಪಿಡಬೇಕಾದದ್ದು ಬಹಳ ಇದೆ, ಸುಳ್ಳಲ್ಲ. ಆದರೆ ಅದು ಕ್ರಮದಲ್ಲಿ ನೆನಪಿರಬೇಕು: ಯಾವುದು ಮೊದಲು, ಯಾವುದು ನಂತರ, ಯಾವುದು ಎಲ್ಲಿದೆ. ಆ ಕ್ರಮ ಕೈಯಿಂದ ಚಿತ್ರ ಬಿಡಿಸಿದಾಗ ಬರುತ್ತದೆಯೇ ಹೊರತು ಗಟ್ಟಿಯಾಗಿ ಓದಿದಾಗ ಬರುವುದಿಲ್ಲ.

ಪುಸ್ತಕದಲ್ಲಿ ಏನಿದೆ, ಏನಿಲ್ಲ

ದ್ವಿತೀಯ ಪಿಯುಸಿಯಲ್ಲಿ ಲಿಖಿತ ಪರೀಕ್ಷೆಗೆ 70 ಅಂಕ, ಪ್ರಾಯೋಗಿಕಕ್ಕೆ 30. ಪಠ್ಯ ಎನ್‌ಸಿಇಆರ್‌ಟಿಯದು. ಈಗಿನ ಪುಸ್ತಕದಲ್ಲಿ 13 ಅಧ್ಯಾಯಗಳಿವೆ: ಸಂತಾನೋತ್ಪತ್ತಿಗೆ ಮೂರು, ತಳಿಶಾಸ್ತ್ರ ಮತ್ತು ವಿಕಾಸಕ್ಕೆ ಮೂರು, ಆರೋಗ್ಯ ಮತ್ತು ಸೂಕ್ಷ್ಮಜೀವಿಗಳಿಗೆ ಎರಡು, ಜೈವಿಕ ತಂತ್ರಜ್ಞಾನಕ್ಕೆ ಎರಡು, ಪರಿಸರ ವಿಜ್ಞಾನಕ್ಕೆ ಮೂರು. ಅಣ್ಣನದೋ ಪಕ್ಕದ ಮನೆಯವರದೋ ಹಳೇ ಪುಸ್ತಕ ಸಿಕ್ಕಿದ್ದರೆ ಅದರಲ್ಲಿ 16 ಇರುತ್ತವೆ. ಜೀವಿಗಳಲ್ಲಿ ಸಂತಾನೋತ್ಪತ್ತಿ, ಆಹಾರೋತ್ಪಾದನೆ ಹೆಚ್ಚಿಸುವ ತಂತ್ರಗಳು, ಪರಿಸರ ಸಮಸ್ಯೆಗಳು ಎಂಬ ಮೂರು ಅಧ್ಯಾಯಗಳನ್ನು ಕೈಬಿಡಲಾಗಿದೆ. ಉಳಿದ ಅಧ್ಯಾಯಗಳ ಒಳಗೂ ಕೆಲವು ಭಾಗ ಹೋಗಿವೆ. ಹಾಗಾಗಿ ಹಳೇ ಗೈಡಿನಿಂದ ಓದುವವರು ಮೊದಲ ದಿನವೇ ಹೊಸ ಪುಸ್ತಕದ ಪರಿವಿಡಿ ಪಕ್ಕಕ್ಕಿಟ್ಟುಕೊಂಡು ಬೇಡದ ಪುಟಗಳ ಮೇಲೆ ಪೆನ್ಸಿಲಿನಿಂದ ಅಡ್ಡಗೆರೆ ಎಳೆದುಬಿಡಿ. ನೀಟ್ ಬರೆಯುವವರಿಗೆ ಮಾತ್ರ ಒಂದು ಎಚ್ಚರಿಕೆ: ಅದರ ಪಠ್ಯಕ್ರಮದ ಪಟ್ಟಿಯನ್ನು ನ್ಯಾಷನಲ್ ಮೆಡಿಕಲ್ ಕಮಿಷನ್ ಬೇರೆಯಾಗಿ ಪ್ರಕಟಿಸುತ್ತದೆ. ಎರಡನ್ನೂ ಎದುರುಬದುರು ಇಟ್ಟು ಒಮ್ಮೆ ಹೋಲಿಸಿ.

ಮೊದಲ ಅಧ್ಯಾಯ ತೆರೆಯುವ ಮುನ್ನ ಪ್ರಥಮ ಪಿಯುಸಿಯ ಕೋಶ ವಿಭಜನೆ ಪಾಠವನ್ನು, ಅದರಲ್ಲೂ ಮಿಯಾಸಿಸ್ (ಕ್ರೋಮೋಸೋಮ್ ಸಂಖ್ಯೆ ಅರ್ಧಕ್ಕಿಳಿಯುವ ವಿಭಜನೆ) ಭಾಗವನ್ನು, ಎರಡು ದಿನ ಕೊಟ್ಟು ಮತ್ತೆ ಓದಿ. ಪರಾಗ ಉಂಟಾಗುವುದು, ಅಂಡಾಣು ಉಂಟಾಗುವುದು, ಮೆಂಡೆಲನ ನಿಯಮಗಳು, ಡೌನ್ ಸಿಂಡ್ರೋಮ್ ಎಲ್ಲವೂ ನಿಂತಿರುವುದು ಮಿಯಾಸಿಸ್ ಮೇಲೆ. ತಳಿಶಾಸ್ತ್ರ ಅರ್ಥವಾಗುತ್ತಿಲ್ಲ ಎನ್ನುವವರಲ್ಲಿ ಹೆಚ್ಚಿನವರಿಗೆ ಅರ್ಥವಾಗದೆ ಉಳಿದಿರುವುದು ಇದೇ ಪಾಠ. ಪರೀಕ್ಷೆ ಸರಳ: ನಾಲ್ಕು ಕ್ರೋಮೋಸೋಮ್ ಇರುವ ಒಂದು ಕೋಶವನ್ನು ಎರಡು ಬಣ್ಣದ ಪೆನ್ನಿನಲ್ಲಿ ಬರೆದು, ಅದನ್ನು ಮಿಯಾಸಿಸ್‌ನ ಎರಡೂ ಹಂತ ದಾಟಿಸಿ ನಾಲ್ಕು ಕೋಶ ಮಾಡಿ. ಪುಸ್ತಕ ನೋಡದೆ ಮಾಡಲು ಬಂದರೆ ಮುಂದೆ ಹೋಗಿ.

ಮೊದಲ ಗೋಡೆ: ಪದಗಳು

ಈ ಕಡೆಯ ಬಹಳ ಮಕ್ಕಳಿಗೆ ಮನೆಯಲ್ಲಿ ತೆಲುಗು, ಎಸ್ಸೆಸ್ಸೆಲ್ಸಿವರೆಗೆ ಕನ್ನಡ, ಪಿಯುಸಿಗೆ ಬಂದ ತಕ್ಷಣ ಇಂಗ್ಲಿಷ್. ವಿಷಯ ತಲೆಗೆ ಹೋಗುವ ಮೊದಲೇ ಪದ ಅಡ್ಡ ನಿಲ್ಲುತ್ತದೆ. ಇದಕ್ಕೆ ಸ್ಪೋಕನ್ ಇಂಗ್ಲಿಷ್ ಕ್ಲಾಸು ಮದ್ದಲ್ಲ. ಜೀವಶಾಸ್ತ್ರದ ಪದಗಳು ಹುಟ್ಟಿದ್ದು ಹೆಚ್ಚಾಗಿ ಗ್ರೀಕ್, ಲ್ಯಾಟಿನ್‌ನಲ್ಲಿ. ಇಂಗ್ಲಿಷ್ ಮೀಡಿಯಂನವರಿಗೂ ಅವು ಹೊಸವೇ. ಸಂಸ್ಕೃತ ಸಮಾಸ ಬಿಡಿಸಿದಂತೆ ಪದವನ್ನು ಒಡೆಯುವುದು ಕಲಿಯಿರಿ.

ಒಂದು ಉದಾಹರಣೆ. ‘ಗೇಮಿ’ ಎಂದರೆ ಮದುವೆ. ‘ಆಟೊ’ ಎಂದರೆ ತಾನೇ, ‘ಗೈಟೊನ್’ ಎಂದರೆ ನೆರೆಯವನು, ‘ಕ್ಸೆನೊಸ್’ ಎಂದರೆ ಹೊರಗಿನವನು. ಆಟೊಗೇಮಿ ಎಂದರೆ ಒಂದೇ ಹೂವಿನೊಳಗಿನ ಪರಾಗಸ್ಪರ್ಶ. ಗೈಟೊನೊಗೇಮಿ ನೆರೆಮನೆ ಸಂಬಂಧ, ಅಂದರೆ ಅದೇ ಗಿಡದ ಇನ್ನೊಂದು ಹೂವಿನಿಂದ ಪರಾಗ ಬರುವುದು. ಕ್ಸೆನೊಗೇಮಿ ಪರವೂರಿನ ಸಂಬಂಧ, ಬೇರೆ ಗಿಡದಿಂದ. ಒಮ್ಮೆ ಹೀಗೆ ಬಿಡಿಸಿದರೆ ಮೂರೂ ಮರೆಯುವುದಿಲ್ಲ. ಪರೀಕ್ಷೆಯ ಕೊಕ್ಕೆ ಇರುವುದೂ ಇಲ್ಲೇ: ನೆರೆಮನೆಯಾದರೂ ಗಿಡ ಒಂದೇ ಆದ್ದರಿಂದ ತಳಿಗುಣದ ಲೆಕ್ಕದಲ್ಲಿ ಗೈಟೊನೊಗೇಮಿ ಆಟೊಗೇಮಿಗೆ ಸಮ. ಮುಸುಕಿನ ಜೋಳ, ಹರಳು ಗಿಡದಲ್ಲಿ ಗಂಡು ಹೂ, ಹೆಣ್ಣು ಹೂ ಬೇರೆ ಬೇರೆ ಇದ್ದರೂ ಗಿಡ ಒಂದೇ. ಆದ್ದರಿಂದ ಆಟೊಗೇಮಿ ತಪ್ಪುತ್ತದೆ, ಗೈಟೊನೊಗೇಮಿ ತಪ್ಪುವುದಿಲ್ಲ. ಪರಂಗಿಯಲ್ಲಿ ಗಂಡು ಗಿಡ, ಹೆಣ್ಣು ಗಿಡವೇ ಬೇರೆ, ಎರಡೂ ತಪ್ಪುತ್ತವೆ.

ಹೀಗೆ ಮೂವತ್ತು ತುಂಡು ಗೊತ್ತಿದ್ದರೆ ಪುಸ್ತಕದ ಮುಕ್ಕಾಲು ಪದ ಬಾಗಿಲು ತೆರೆಯುತ್ತವೆ. ‘ಎಂಡೊ’ ಒಳಗೆ, ‘ಪೆರಿ’ ಸುತ್ತ, ‘ಸೈಟ್’ ಕೋಶ, ‘ಜೆನೆಸಿಸ್’ ಹುಟ್ಟು, ‘ಲೈಸಿಸ್’ ಒಡೆಯುವುದು, ‘ಟ್ರೋಫ್’ ಪೋಷಣೆ, ‘ಹ್ಯಾಪ್ಲೊ’ ಒಂಟಿ, ‘ಡಿಪ್ಲೊ’ ಜೋಡಿ. ಇನ್ನೂರು ಪುಟದ ಒಂದು ನೋಟ್‌ಬುಕ್ಕನ್ನು ಇದಕ್ಕೇ ಮೀಸಲಿಡಿ. ಎಡಗಡೆ ಪದದ ಸ್ಪೆಲಿಂಗ್, ನಡುವೆ ಒಡೆದ ತುಂಡು, ಬಲಗಡೆ ಕನ್ನಡದಲ್ಲಿ ಒಂದು ಸಾಲು. ಸ್ಪೆಲಿಂಗನ್ನು ಕೈಯಿಂದ ಮೂರು ಸಲ ಬರೆಯಿರಿ. ಕಿವಿಗೆ ಕೇಳಿದಂತೆ ಬರೆದು ಅಂಕ ಕಳೆದುಕೊಳ್ಳುವುದು ಕನ್ನಡ ಮಾಧ್ಯಮದಿಂದ ಬಂದವರಲ್ಲಿ ತುಂಬಾ ಸಾಮಾನ್ಯ. ಪದದ ಪುಸ್ತಕ ಬಸ್ಸಿಗೆ ಹೇಳಿಮಾಡಿಸಿದ್ದು. ಶ್ರೀನಿವಾಸಪುರದಿಂದ ಕೋಲಾರಕ್ಕೋ, ಬಾಗೇಪಲ್ಲಿಯಿಂದ ಚಿಕ್ಕಬಳ್ಳಾಪುರಕ್ಕೋ ದಿನಾ ಪಾಸಿನಲ್ಲಿ ಓಡಾಡುವವರಿಗೆ ಒಂದು ಬದಿಯ ಪ್ರಯಾಣದಲ್ಲಿ ಹದಿನೈದು ಪದ ಆರಾಮವಾಗಿ ಆಗುತ್ತವೆ. ಬಸ್ಸಿನಲ್ಲಿ ಚಿತ್ರ ಬಿಡಿಸಲು, ಲೆಕ್ಕ ಮಾಡಲು ಹೋಗಬೇಡಿ. ನಿಂತು ಪ್ರಯಾಣಿಸುವ ದಿನ ಅದೂ ಆಗುವುದಿಲ್ಲ.

ಒಂದು ಅಧ್ಯಾಯಕ್ಕೆ ಎಷ್ಟು ಸುತ್ತು

ಮೊದಲ ಸುತ್ತಿನಲ್ಲಿ ಪಾಠ ಓದಬೇಡಿ. ಅರ್ಧ ಗಂಟೆ ಚಿತ್ರಗಳನ್ನು, ಅವುಗಳ ಕೆಳಗಿನ ಸಾಲುಗಳನ್ನು, ಕೋಷ್ಟಕಗಳನ್ನು ಮಾತ್ರ ನೋಡಿ. ಎರಡನೇ ಸುತ್ತಿನಲ್ಲಿ ಸಾಲು ಸಾಲಾಗಿ, ಪೆನ್ಸಿಲ್ ಹಿಡಿದು. ಹೈಲೈಟರ್ ಬೇಡ, ಅದು ಕೈಯಲ್ಲಿದ್ದರೆ ಪುಟವೆಲ್ಲ ಹಳದಿಯಾಗುತ್ತದೆ, ತಲೆಗೇನೂ ಹೋಗುವುದಿಲ್ಲ. ಪ್ರತಿ ಪ್ಯಾರಾ ಮುಗಿದಾಗ ಅಂಚಿನಲ್ಲಿ ಒಂದು ಪ್ರಶ್ನೆ ಬರೆಯಿರಿ. ‘ಟ್ಯಾಪೀಟಮ್ ಕೋಶಗಳಿಗೆ ಒಂದಕ್ಕಿಂತ ಹೆಚ್ಚು ನ್ಯೂಕ್ಲಿಯಸ್ ಏಕೆ?’ ಎಂಬಂಥದ್ದು. ಉತ್ತರ ಬರೆಯಬೇಡಿ, ಪ್ರಶ್ನೆ ಮಾತ್ರ.

ಮೂರನೇ ಸುತ್ತು ಪುಸ್ತಕ ಮುಚ್ಚಿದ ಮೇಲೆ. ಅಂಚಿನ ಪ್ರಶ್ನೆಗಳಿಗೆ ಬಾಯಲ್ಲಿ ಉತ್ತರ ಹೇಳಿ, ಚಿತ್ರಗಳನ್ನು ರಫ್ ಪುಸ್ತಕದಲ್ಲಿ ಬಿಡಿಸಿ, ಆಮೇಲೆ ತೆರೆದು ಹೋಲಿಸಿ. ಇದು ಕಷ್ಟ, ಅದಕ್ಕೇ ಬಹಳ ಮಂದಿ ಇದನ್ನು ಹಾರಿಸಿ ನಾಲ್ಕನೇ ಸಲ ಅದೇ ಪಾಠವನ್ನು ಕಣ್ಣಾಡಿಸುತ್ತಾರೆ. ಓದಿದ್ದು ಪರಿಚಿತ ಅನ್ನಿಸುವುದೇ ಬೇರೆ, ನೆನಪಾಗುವುದೇ ಬೇರೆ. ಪರಿಚಯದವರ ಮುಖ ನೋಡಿದರೆ ಗುರುತು ಸಿಗುತ್ತದೆ, ಹೆಸರು ಬಾಯಿಗೆ ಬರುವುದಿಲ್ಲ, ಹಾಗೆ.

ಆಮೇಲೆ ಪುನರಾವರ್ತನೆ: ಮರುದಿನ ಹತ್ತು ನಿಮಿಷ, ಒಂದು ವಾರಕ್ಕೆ ಇಪ್ಪತ್ತು ನಿಮಿಷ, ತಿಂಗಳಿಗೆ ಒಮ್ಮೆ ಅರ್ಧ ಗಂಟೆ. ಅಂಚಿನ ಪ್ರಶ್ನೆಗಳಿರುವುದರಿಂದ ಪಾಠ ಮತ್ತೆ ಓದುವ ಅಗತ್ಯವೇ ಬೀಳುವುದಿಲ್ಲ. ಉತ್ತರ ಬಾರದ ಪ್ರಶ್ನೆಗೆ ಮಾತ್ರ ಚುಕ್ಕೆ ಇಟ್ಟು ಆ ಪ್ಯಾರಾಗೆ ಮರಳಿ.

ಚಿತ್ರ: ಭ್ರೂಣಚೀಲವನ್ನೇ ತೆಗೆದುಕೊಳ್ಳಿ

ಹೂಬಿಡುವ ಸಸ್ಯದ ಭ್ರೂಣಚೀಲ ಪದೇ ಪದೇ ಬರುವ ಚಿತ್ರ, ಪದೇ ಪದೇ ತಪ್ಪುವ ಚಿತ್ರವೂ ಹೌದು. ಮೊದಲು ಆರು ಏಳು ಸೆಂಟಿಮೀಟರ್ ಎತ್ತರದ ಅಂಡಾಕಾರ ಎಳೆಯಿರಿ. ಕೆಳತುದಿಗೆ ‘ಮೈಕ್ರೊಪೈಲ್ ತುದಿ’, ಮೇಲ್ತುದಿಗೆ ‘ಚಲಾಜಾ ತುದಿ’ ಎಂದು ತಕ್ಷಣವೇ ಬರೆದುಬಿಡಿ. ಕೊನೆಗೆ ಬರೆಯೋಣ ಎಂದವರೇ ಅದಲುಬದಲು ಮಾಡುವುದು. ಕೆಳಗೆ ಮೂರು ಕೋಶ: ನಡುವೆ ಅಂಡಕೋಶ, ಅಕ್ಕಪಕ್ಕ ಎರಡು ಸಿನರ್ಜಿಡ್. ಸಿನರ್ಜಿಡ್‌ಗಳ ಬುಡದಲ್ಲಿ ಪರಾಗನಾಳಕ್ಕೆ ದಾರಿ ತೋರುವ ಫಿಲಿಫಾರ್ಮ್ ಅಪರೇಟಸ್‌ನ ಗೀಟುಗಳು. ಮೇಲೆ ಮೂರು ಆಂಟಿಪೋಡಲ್ ಕೋಶ. ಉಳಿದ ದೊಡ್ಡ ಜಾಗವೆಲ್ಲ ಒಂದೇ ಕೋಶ, ಅದೇ ಮಧ್ಯಕೋಶ. ಅದರೊಳಗೆ ಎರಡು ಧ್ರುವ ನ್ಯೂಕ್ಲಿಯಸ್. ಈಗ ಎಣಿಸಿ: ಕೋಶ 7, ನ್ಯೂಕ್ಲಿಯಸ್ 8. ಧ್ರುವ ನ್ಯೂಕ್ಲಿಯಸ್‌ಗಳ ಸುತ್ತ ಗೋಡೆ ಎಳೆದರೆ ಲೆಕ್ಕ ಕೆಡುತ್ತದೆ, ಜೊತೆಗೆ ‘ಏಳು ಕೋಶ, ಎಂಟು ನ್ಯೂಕ್ಲಿಯಸ್ ಏಕೆ?’ ಎಂಬ ಎರಡಂಕದ ಪ್ರಶ್ನೆಯೂ ಕೈತಪ್ಪುತ್ತದೆ.

ಹೆಸರಿಸುವ ಗೆರೆಗಳನ್ನು ಸ್ಕೇಲಿನಿಂದ ಎಳೆಯಿರಿ. ಬಾಣದ ತುದಿ ಬೇಡ. ಎಲ್ಲವೂ ಒಂದೇ ಬದಿಗೆ ಬರಲಿ, ಒಂದನ್ನೊಂದು ದಾಟದಿರಲಿ. ನೆರಳು ಕೊಟ್ಟು ಚೆಂದ ಮಾಡುವುದಕ್ಕೆ ಅಂಕವಿಲ್ಲ. ನಾಲ್ಕು ನಿಮಿಷಕ್ಕಿಂತ ಹೆಚ್ಚು ಹಿಡಿಯುವ ಚಿತ್ರವನ್ನು ಇನ್ನೂ ಸರಳವಾಗಿ ಬಿಡಿಸಲು ಕಲಿಯಬೇಕು. ಪರಾಗಕೋಶದ ಅಡ್ಡಸೀಳಿಕೆ, ವೀರ್ಯಾಣು, ಅಂಡಾಶಯದ ಸೀಳುನೋಟ, ನ್ಯೂಕ್ಲಿಯೊಸೋಮ್, ಪ್ರತಿಕೃತಿ ಕವಲು, ಪ್ರತಿಕಾಯ, ಪಿಬಿಆರ್322 ಪ್ಲಾಸ್ಮಿಡ್, ಬಯೊರಿಯಾಕ್ಟರ್ ಇಷ್ಟಕ್ಕೂ ಇದೇ ಅಭ್ಯಾಸ.

ಇಮ್ಮಡಿ ನಿಷೇಚನದ (ಡಬಲ್ ಫರ್ಟಿಲೈಸೇಶನ್) ಮುಂದಿನ ಕಥೆಗೆ ಒಂದು ಎಳನೀರು ಕೊಚ್ಚಿಸಿ. ತಿಪಟೂರಿನದಾದರೂ ಸರಿ, ಬಸ್ ಸ್ಟ್ಯಾಂಡಿನ ಗಾಡಿಯದಾದರೂ ಸರಿ. ಒಳಗಿನ ನೀರು ಗೋಡೆ ಕಟ್ಟದ ಸಾವಿರಾರು ನ್ಯೂಕ್ಲಿಯಸ್‌ಗಳಿರುವ ಎಂಡೋಸ್ಪರ್ಮ್ (ಭ್ರೂಣಕ್ಕೆ ಆಹಾರವಾಗುವ ಭಾಗ), ಸುತ್ತಲಿನ ಬಿಳಿ ಗಂಜಿ ಕೋಶಗಳಾಗಿ ಗೋಡೆ ಕಟ್ಟಿಕೊಂಡ ಎಂಡೋಸ್ಪರ್ಮ್. ಎಳೆಯದರಲ್ಲಿ ನೀರು ಹೆಚ್ಚು, ಬಲಿತದ್ದರಲ್ಲಿ ಕೊಬ್ಬರಿ ಹೆಚ್ಚು ಎಂಬುದು ಎಲ್ಲರಿಗೂ ಗೊತ್ತಿರುವ ಮಾತು. ಪುಸ್ತಕ ಹೇಳುವ ಕ್ರಮವೂ ಅದೇ. ಮಾವಿನ ವಿಷಯದಲ್ಲಿ ಸ್ವಲ್ಪ ಜೋಪಾನ. ಒಂದು ಬೀಜದಲ್ಲಿ ಹಲವು ಭ್ರೂಣ ಇರುವುದಕ್ಕೆ ಪುಸ್ತಕ ಮಾವಿನ ಕೆಲವು ತಳಿಗಳ ಉದಾಹರಣೆ ಕೊಡುತ್ತದೆ. ಶ್ರೀನಿವಾಸಪುರದ ಬಾದಾಮಿ, ತೋತಾಪುರಿ ಅಂಥವಲ್ಲ, ಒಂಟಿ ಭ್ರೂಣದವು. ಓಟೆ ನೆಟ್ಟರೆ ತಾಯಿಯಂಥ ಗಿಡ ಬರುವ ಭರವಸೆಯಿಲ್ಲ. ಕಸಿ ಕಟ್ಟುವುದು ಅದಕ್ಕೇ.

ತಳಿಶಾಸ್ತ್ರ: ಇಲ್ಲಿ ಪೆನ್ನು ಬೇಕೇ ಬೇಕು

ಕೋಲಾರದ ಟೊಮೆಟೊ ಬೆಳೆಗಾರ ಪ್ರತಿ ಬೆಳೆಗೂ ದುಡ್ಡು ಕೊಟ್ಟು ಹೈಬ್ರಿಡ್ ಬೀಜವನ್ನೋ ನರ್ಸರಿ ಸಸಿಯನ್ನೋ ತರುತ್ತಾನೆ. ತನ್ನದೇ ಹೊಲದ ಹಣ್ಣಿನ ಬೀಜ ಇಟ್ಟುಕೊಂಡರೆ ಏನಾಗುತ್ತದೆ? ಹೈಬ್ರಿಡ್ ಎಂದರೆ ಎಫ್1, ಅಂದರೆ ಎರಡು ಶುದ್ಧ ತಳಿಗಳನ್ನು ಕೂಡಿಸಿದಾಗ ಬರುವ ಮೊದಲ ಪೀಳಿಗೆ, ಎಲ್ಲ ಗಿಡವೂ ಒಂದೇ ಸಮ. ಅದರ ಬೀಜ ಬಿತ್ತಿದರೆ ಬರುವುದು ಎಫ್2. ಅಲ್ಲಿ ಗುಣಗಳು ಬೇರ್ಪಡುತ್ತವೆ. ಒಂದು ಗಿಡ ಎತ್ತರ, ಒಂದು ಗಿಡ್ಡ, ಹಣ್ಣಿನ ಗಾತ್ರ ಒಂದೊಂದು ಥರ. ಶಿಡ್ಲಘಟ್ಟದ ರೇಷ್ಮೆ ಬೆಳೆಗಾರರು ತಾವೇ ಬೆಳೆದ ಗೂಡಿನಿಂದ ಮೊಟ್ಟೆ ಮಾಡಿಕೊಳ್ಳದೆ ಪ್ರತಿ ಬೆಳೆಗೂ ಮಿಶ್ರತಳಿಯ ಮೊಟ್ಟೆ ಇಲ್ಲವೇ ಚಾಕಿ ಹುಳು (ಎಳೆಯ ಹುಳು) ತರುವುದೂ ಇದೇ ಕಾರಣಕ್ಕೆ. ಮೆಂಡೆಲ್ 1856ರಿಂದ 1863ರವರೆಗೆ ಬಟಾಣಿಯಲ್ಲಿ ನೋಡಿದ 3:1 ಅನುಪಾತ ನಮ್ಮ ಹಿತ್ತಲಲ್ಲೇ ವ್ಯಾಪಾರವಾಗಿದೆ. ರೇಷ್ಮೆಹುಳುವಿನಲ್ಲಿ ಇನ್ನೊಂದು ವಿಶೇಷ: ಹಕ್ಕಿಗಳಂತೆ ಇಲ್ಲಿಯೂ ಎರಡು ಬೇರೆ ಲಿಂಗ ಕ್ರೋಮೋಸೋಮ್ ಇರುವುದು ಹೆಣ್ಣಿನಲ್ಲಿ.

ಲೆಕ್ಕಗಳಿಗೆ ಪನೆಟ್ ಚೌಕ ಬರೆಯುವ ಮುನ್ನ ನಾಲ್ಕು ಸಾಲು ಬರೆಯಿರಿ: ತಂದೆತಾಯಿಯ ಲಕ್ಷಣ, ಅವರ ಜೀನ್‌ರೂಪ, ಅವರಿಂದ ಬರುವ ಗ್ಯಾಮೀಟ್‌ಗಳು (ಲಿಂಗಕೋಶಗಳು), ಆಮೇಲೆ ಚೌಕ. ಅಂಕ ಹಂಚಿಕೆ ಹಂತಗಳಿಗೆ ಇರುತ್ತದೆ, ಬರೀ ಉತ್ತರಕ್ಕಲ್ಲ. ಹೆಚ್ಚು ತಪ್ಪಾಗುವುದು ಮೂರನೇ ಸಾಲಿನಲ್ಲಿ. ಎರಡು ಲಕ್ಷಣದ ಸಂಕರಣದಲ್ಲಿ ಪ್ರತಿ ಗ್ಯಾಮೀಟಿಗೂ ಪ್ರತಿ ಲಕ್ಷಣದ ಒಂದೊಂದೇ ಅಲೀಲ್ (ಜೀನಿನ ಒಂದು ರೂಪ) ಹೋಗಬೇಕು. ಒಂದೇ ಲಕ್ಷಣದ ಎರಡು ಅಲೀಲ್ ಒಂದೇ ಗ್ಯಾಮೀಟಿನಲ್ಲಿ ಬರೆದಿದ್ದರೆ ಅಲ್ಲೇ ನಿಲ್ಲಿಸಿ, ಮುಂದಿನದೆಲ್ಲ ವ್ಯರ್ಥ.

ನೀಟ್, ಸಿಇಟಿಯಲ್ಲಿ ಹದಿನಾರು ಮನೆಯ ಚೌಕಕ್ಕೆ ಸಮಯವಿಲ್ಲ. ಅಲ್ಲಿ ಗುಣಿಸಿ. ಎರಡೂ ಲಕ್ಷಣದಲ್ಲಿ ಮಿಶ್ರ ಜೀನ್‌ರೂಪವಿರುವ ಗಿಡಗಳ ಸಂಕರಣದಲ್ಲಿ ಮೊದಲ ಲಕ್ಷಣ ಪ್ರಬಲ, ಎರಡನೆಯದು ದುರ್ಬಲವಾಗಿ ಕಾಣುವ ಸಂತತಿ ಎಷ್ಟು? ಮುಕ್ಕಾಲನ್ನು ಕಾಲಿನಿಂದ ಗುಣಿಸಿದರೆ 3/16. ರಕ್ತದ ಗುಂಪಿನ ಪ್ರಶ್ನೆಯಲ್ಲಿ ಹಿಂದಿನಿಂದ ಮುಂದಕ್ಕೆ ಬನ್ನಿ: ತಂದೆ ಎ, ತಾಯಿ ಬಿ, ಮಗು ಒ ಎಂದರೆ ಇಬ್ಬರಲ್ಲೂ ಅಡಗಿದ ಒ ಅಲೀಲ್ ಇದೆ ಎಂದೇ ಅರ್ಥ. ಆಗ ಎ, ಬಿ, ಎಬಿ, ಒ ನಾಲ್ಕಕ್ಕೂ ಶೇ 25 ಸಾಧ್ಯತೆ. ಅದು ಪ್ರತಿ ಮಗುವಿಗೂ ಹೊಸದಾಗಿ ಶೇ 25. ನಾಲ್ಕು ಮಕ್ಕಳಲ್ಲಿ ಒಂದೊಂದು ಗುಂಪು ಬಂದೇ ಬರುತ್ತದೆ ಎಂದು ಬರೆದರೆ ತಪ್ಪು.

ಡಿಎನ್‌ಎ ಅಧ್ಯಾಯ ಎಲ್ಲಕ್ಕಿಂತ ಉದ್ದ, ಅದಕ್ಕೆ ಕನಿಷ್ಠ ಮೂರು ವಾರ ಕೊಡಿ. ಪ್ರಯೋಗಗಳನ್ನು ವರ್ಷದ ಕ್ರಮದಲ್ಲಿ ಒಂದೇ ಹಾಳೆಯಲ್ಲಿ ಬರೆದುಕೊಂಡರೆ ತರ್ಕ ತಾನೇ ಕಾಣುತ್ತದೆ: 1928ರಲ್ಲಿ ಗ್ರಿಫಿತ್‌ಗೆ ಬ್ಯಾಕ್ಟೀರಿಯಾದಿಂದ ಬ್ಯಾಕ್ಟೀರಿಯಾಕ್ಕೆ ಏನೋ ಒಂದು ವಸ್ತು ದಾಟುತ್ತಿದೆ ಎಂದು ಗೊತ್ತಾಯಿತು, 1952ರಲ್ಲಿ ಹರ್ಷಿ ಮತ್ತು ಚೇಸ್ ಆ ವಸ್ತು ಡಿಎನ್‌ಎ ಎಂದು ತೋರಿಸಿದರು, 1958ರಲ್ಲಿ ಮೆಸೆಲ್ಸನ್ ಮತ್ತು ಸ್ಟಾಲ್ ಅದು ಅರ್ಧ ಹಳೆಯದು, ಅರ್ಧ ಹೊಸದಾಗಿ ನಕಲಾಗುತ್ತದೆ ಎಂದು ತೋರಿಸಿದರು. ಸಣ್ಣ ಲೆಕ್ಕಗಳನ್ನು ಬಿಡಬೇಡಿ. ಡಿಎನ್‌ಎಯ ನಾಲ್ಕು ಬೇಸ್‌ಗಳಲ್ಲಿ ಎ ಶೇ 30 ಇದ್ದರೆ ಟಿ ಶೇ 30, ಉಳಿದ 40ರಲ್ಲಿ ಜಿ 20, ಸಿ 20. ಬೇಸ್ ಜೋಡಿಯಿಂದ ಜೋಡಿಗೆ 0.34 ನ್ಯಾನೊಮೀಟರ್ ಅಂತರ, ಮನುಷ್ಯನ ಕೋಶದಲ್ಲಿ 660 ಕೋಟಿ ಜೋಡಿ. ಗುಣಿಸಿದರೆ ಸುಮಾರು 2.2 ಮೀಟರ್. ಈ ನೂಲು ಹಿಡಿಸುವುದು ಕಣ್ಣಿಗೆ ಕಾಣದ ನ್ಯೂಕ್ಲಿಯಸ್‌ನಲ್ಲಿ. ನ್ಯೂಕ್ಲಿಯೊಸೋಮ್ (ಡಿಎನ್‌ಎ ಸುತ್ತಿಕೊಂಡ ಪ್ರೋಟೀನ್ ಉಂಡೆ) ಏಕೆ ಬೇಕು ಎಂಬುದಕ್ಕೆ ಇದೇ ಉತ್ತರ.

ಲಿಪ್ಯಂತರಣದ (ಡಿಎನ್‌ಎಯಿಂದ ಆರ್‌ಎನ್‌ಎ ಬರೆಯುವುದು) ಪ್ರಶ್ನೆಯಲ್ಲಿ ಕೊಟ್ಟಿರುವುದು ಟೆಂಪ್ಲೇಟ್ ಎಳೆಯೋ ಕೋಡಿಂಗ್ ಎಳೆಯೋ ಎಂದು ಎರಡು ಸಲ ಓದಿ. ಕೋಡಿಂಗ್ ಎಳೆ ಕೊಟ್ಟಿದ್ದರೆ ಟಿ ಜಾಗದಲ್ಲಿ ಯು ಹಾಕಿದರೆ ಮುಗಿಯಿತು, ಅದೇ ಎಂಆರ್‌ಎನ್‌ಎ. ಟೆಂಪ್ಲೇಟ್ ಕೊಟ್ಟಿದ್ದರೆ ಮಾತ್ರ ಜೋಡಿ ಬರೆಯಬೇಕು. ಎರಡಕ್ಕೂ ಜೋಡಿ ಬರೆಯುವುದು ಇಲ್ಲಿನ ಮಾಮೂಲಿ ತಪ್ಪು.

ಮನೆಯ ಸುತ್ತಲೇ ಇರುವ ಮೂರು ಅಧ್ಯಾಯ

ಸೂಕ್ಷ್ಮಜೀವಿಗಳ ಪಾಠದಲ್ಲಿ ಚರಂಡಿ ನೀರಿನ ಶುದ್ಧೀಕರಣ ನೀರಸ ಅನ್ನಿಸುತ್ತದೆ. ಆದರೆ 2018ರಿಂದ ಕೆ.ಸಿ. (ಕೋರಮಂಗಲ-ಚಲ್ಲಘಟ್ಟ) ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಚರಂಡಿ ನೀರು ಎರಡನೇ ಹಂತದವರೆಗೆ ಶುದ್ಧವಾಗಿ ಕೋಲಾರದ ಕೆರೆಗಳಿಗೆ ಬರುತ್ತಿದೆ. ಮೊದಲು ತುಂಬಿದ್ದು ಲಕ್ಷ್ಮೀಸಾಗರ ಕೆರೆ. ಚಿಕ್ಕಬಳ್ಳಾಪುರದ ಕಡೆಗೆ ಎಚ್.ಎನ್. (ಹೆಬ್ಬಾಳ-ನಾಗವಾರ) ವ್ಯಾಲಿ. ‘ಮೂರನೇ ಹಂತದ ಶುದ್ಧೀಕರಣ ಬೇಕು’ ಎಂದು ಇಲ್ಲಿನವರು ಕೇಳುತ್ತಿರುವುದು ಏನನ್ನು ಎಂದು ಅರ್ಥವಾಗಬೇಕಾದರೆ ಮೊದಲೆರಡು ಹಂತ ಗೊತ್ತಿರಬೇಕು. ಮೊದಲ ಹಂತ ಭೌತಿಕ: ತೇಲುವ ಕಸ ಸೋಸುವುದು, ಮರಳು ಕಲ್ಲು ತಳಕ್ಕಿಳಿಸುವುದು. ಎರಡನೆಯದು ಜೈವಿಕ: ಗಾಳಿ ಊದಿದ ತೊಟ್ಟಿಯಲ್ಲಿ ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರದ ಎಳೆಗಳು ಸೇರಿ ಫ್ಲಾಕ್ ಎಂಬ ಗುಂಪು ಕಟ್ಟಿ, ಸಾವಯವ ಕೊಳೆಯನ್ನು ತಿಂದು ಬಿಒಡಿ ಇಳಿಸುತ್ತವೆ. ಆಮೇಲೆ ಫ್ಲಾಕ್ ತಳಕ್ಕಿಳಿದು ಚೇತನಗೊಂಡ ಕೆಸರಾಗುತ್ತದೆ. ಅದರಲ್ಲಿ ಸ್ವಲ್ಪ ಭಾಗ ಮತ್ತೆ ತೊಟ್ಟಿಗೆ, ಮೊಸರಿಗೆ ಹೆಪ್ಪು ಹಾಕಿದಂತೆ. ಉಳಿದದ್ದು ಗಾಳಿಯಿಲ್ಲದ ಡೈಜೆಸ್ಟರಿಗೆ, ಅಲ್ಲಿ ಗೋಬರ್ ಗ್ಯಾಸಿನಂತೆಯೇ ಮೀಥೇನ್. ಬಿಒಡಿ ಹೆಚ್ಚು ಎಂದರೆ ನೀರು ಒಳ್ಳೆಯದೋ ಕೆಟ್ಟದ್ದೋ ಎಂದು ತಡವರಿಸುವವರು ಅನೇಕ. ಕೊಳೆಯನ್ನು ಕರಗಿಸಲು ಬೇಕಾಗುವ ಆಮ್ಲಜನಕ ಅದು. ಹೆಚ್ಚಿದ್ದರೆ ಕೊಳೆ ಹೆಚ್ಚು.

ಬಿಟಿ ಜೀನ್, ಅಂದರೆ ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಎಂಬ ಬ್ಯಾಕ್ಟೀರಿಯಾದ ಕೀಟನಾಶಕ ಜೀನ್ ಓದುವಾಗ ಹಿಪ್ಪುನೇರಳೆ ತೋಟ ನೆನಪಿಸಿಕೊಳ್ಳಿ. ಈ ಬ್ಯಾಕ್ಟೀರಿಯಾವನ್ನು 1901ರಲ್ಲಿ ಜಪಾನಿನಲ್ಲಿ ಇಶಿವಾಟಾ ಮೊದಲು ಕಂಡದ್ದೇ ರೇಷ್ಮೆಹುಳು ಸಾಯುವ ರೋಗದ ಬೆನ್ನು ಹತ್ತಿದಾಗ. ವಿಷದ ಪ್ರೋಟೀನು ಹರಳಿನ ರೂಪದಲ್ಲಿ ಸುಮ್ಮನಿರುತ್ತದೆ, ಹಾಗಾಗಿ ಬ್ಯಾಕ್ಟೀರಿಯಾ ತಾನು ಸಾಯುವುದಿಲ್ಲ. ಹುಳುವಿನ ಕರುಳಿನ ಕ್ಷಾರದಲ್ಲಿ ಅದು ಕರಗಿ, ಚುರುಕಾಗಿ, ಕರುಳಿನ ಕೋಶಗಳಲ್ಲಿ ತೂತು ಮಾಡುತ್ತದೆ. ಹತ್ತಿಯ ಕಾಯಿಕೊರಕವೂ ರೇಷ್ಮೆಹುಳುವೂ ಒಂದೇ ಗುಂಪಿನವು. ಹಿಪ್ಪುನೇರಳೆಯ ಹತ್ತಿರ ಬಿಟಿ ಸಿಂಪಡಿಸಬಾರದು ಎನ್ನುವುದರ ಹಿಂದೆ ಇರುವುದು ಪುಸ್ತಕದ ಇದೇ ಪ್ಯಾರಾ.

ಪರಿಸರ ವಿಜ್ಞಾನಕ್ಕೆ ಒಂದು ಸಂಜೆ ಕೆರೆಯಂಗಳದಲ್ಲಿ ನಡೆದರೆ ಸಾಕು. ದನ ಮೂಸದ ಎಕ್ಕದ ಗಿಡ ರಕ್ಷಣೆಗೆ ಉದಾಹರಣೆ, ಅದರಲ್ಲಿ ಹೃದಯಕ್ಕೆ ವಿಷವಾಗುವ ಗ್ಲೈಕೊಸೈಡ್ ಇದೆ. ಮೇಯುವ ದನದ ಹಿಂದೆ ನಡೆಯುವ ಬೆಳ್ಳಕ್ಕಿ ಸಹಭೋಜಿತ್ವ, ಒಂದಕ್ಕೆ ಲಾಭ, ಇನ್ನೊಂದಕ್ಕೆ ನಷ್ಟವಿಲ್ಲ. ಅತ್ತಿಹಣ್ಣಿನೊಳಗಿನ ಕಣಜ ಪರಸ್ಪರ ಲಾಭ. ಕಾಗೆ ಗೂಡಿನ ಕೋಗಿಲೆ ಮೊಟ್ಟೆ ಪರಾವಲಂಬನೆ. ಕಾಂಗ್ರೆಸ್ ಗಿಡ, ಲಂಟಾನ ಆಕ್ರಮಣಕಾರಿ ಹೊರನಾಡ ಪ್ರಭೇದಗಳು. ಸ್ವಸ್ಥಾನ ಸಂರಕ್ಷಣೆಗೆ ಮಧುಗಿರಿ ತಾಲೂಕಿನ ಮೈದನಹಳ್ಳಿಯ ಕೃಷ್ಣಮೃಗಗಳಿವೆ. ಪರೀಕ್ಷೆಯಲ್ಲಿ ಮಾತ್ರ ಪುಸ್ತಕದ ಉದಾಹರಣೆಯನ್ನು ಮೊದಲು ಬರೆದು, ಊರಿನದನ್ನು ಆಮೇಲೆ ಸೇರಿಸಿ. ಮೌಲ್ಯಮಾಪಕರ ಕೈಯಲ್ಲಿರುವ ಉತ್ತರಸೂಚಿ ಪುಸ್ತಕದ್ದು.

ಲ್ಯಾಬು: ಕೆಡುವುದು ಎಲ್ಲಿ

ಈರುಳ್ಳಿ ಬೇರುತುದಿಯ ಮೈಟಾಸಿಸ್. ಒಣಬೇರು ಕತ್ತರಿಸಿದ ಈರುಳ್ಳಿಯನ್ನು ಬುಡ ಮಾತ್ರ ನೀರಿಗೆ ತಾಗುವಂತೆ ಲೋಟದ ಬಾಯಿಗೆ ಕೂರಿಸಿದರೆ ನಾಲ್ಕೈದು ದಿನಕ್ಕೆ ಎರಡು ಮೂರು ಸೆಂಟಿಮೀಟರ್ ಬೇರು ಬರುತ್ತದೆ. ತುದಿಗಳನ್ನು ಬೆಳಿಗ್ಗೆ 8ರಿಂದ 10ರೊಳಗೆ ಕತ್ತರಿಸಿ, ಒಂದು ಭಾಗ ಅಸಿಟಿಕ್ ಆಮ್ಲಕ್ಕೆ ಮೂರು ಭಾಗ ಆಲ್ಕೊಹಾಲ್ ಬೆರೆಸಿದ ದ್ರಾವಣದಲ್ಲಿ 24 ಗಂಟೆ ಇಡಬೇಕು. ಮರುದಿನ ಸ್ಲೈಡಿನ ಮೇಲೆ ಒಂದು ಹನಿ ಸಾರರಿಕ್ತ (ಡೈಲ್ಯೂಟ್) ಹೈಡ್ರೋಕ್ಲೋರಿಕ್ ಆಮ್ಲ, ಎರಡು ಮೂರು ಹನಿ ಅಸಿಟೊಕಾರ್ಮಿನ್ ಹಾಕಿ, ಸ್ಪಿರಿಟ್ ದೀಪದ ಮೇಲೆ ಬೆಚ್ಚಗೆ ಮಾಡಿ. ಕುದಿಯಬಾರದು, ಒಣಗಲೂಬಾರದು. ಗಾಢ ಬಣ್ಣ ಹಿಡಿದ ತುದಿಯನ್ನಷ್ಟೇ ಉಳಿಸಿ ಮಿಕ್ಕಿದ್ದನ್ನು ಎಸೆಯಿರಿ. ಕವರ್‌ಸ್ಲಿಪ್ ಹಾಕಿ, ಬ್ಲಾಟಿಂಗ್ ಪೇಪರ್ ಮಡಿಚಿಟ್ಟು, ಹೆಬ್ಬೆರಳಿನಿಂದ ನೇರವಾಗಿ ಒತ್ತಿ. ಪಕ್ಕಕ್ಕೆ ಜಾರಿಸಿದರೆ ಕೋಶಗಳು ಸುರುಳಿಯಾಗುತ್ತವೆ. ಉದ್ದುದ್ದ ಕೋಶಗಳೇ ಕಂಡರೆ ತುದಿ ಬಿಟ್ಟು ಮೇಲಿನ ಭಾಗ ಇಟ್ಟಿದ್ದೀರಿ ಎಂದರ್ಥ. ಕೋಶಗಳು ಒಂದರ ಮೇಲೊಂದು ಬಿದ್ದಿದ್ದರೆ ಒತ್ತಿದ್ದು ಸಾಲದು.

ಪರಾಗ ಮೊಳೆಯುವ ಪ್ರಯೋಗ ಸುಲಭ: ಶೇ 10ರ ಸಕ್ಕರೆ ನೀರಿನ ಹನಿಗೆ ನಿತ್ಯಪುಷ್ಪ ಅಥವಾ ಬಟಾಣಿಯ ತಾಜಾ ಪರಾಗ ಉದುರಿಸಿದರೆ 15ರಿಂದ 30 ನಿಮಿಷದಲ್ಲಿ ನಾಳ ಕಾಣುತ್ತದೆ. ಹಿಂದಿನ ದಿನದ ಹೂ ತಂದರೆ ಕಾಣುವುದಿಲ್ಲ.

ಅಮೈಲೇಸ್ (ಜೊಲ್ಲಿನಲ್ಲಿರುವ, ಗಂಜಿ ಒಡೆಯುವ ಕಿಣ್ವ) ಪ್ರಯೋಗದಲ್ಲಿ ಜೊಲ್ಲು ಬೆರೆಸುವ ಮೊದಲೇ ಗಂಜಿಯನ್ನೂ ಜೊಲ್ಲಿನ ದ್ರಾವಣವನ್ನೂ ಬೇರೆಬೇರೆಯಾಗಿ ಆಯಾ ತಾಪಕ್ಕೆ ತನ್ನಿ: ಒಂದು ಜೋಡಿ ಮಂಜುಗಡ್ಡೆಯಲ್ಲಿ, ಒಂದು 37 ಡಿಗ್ರಿಯಲ್ಲಿ, ಒಂದು 80ರಲ್ಲಿ. ನಿಮಿಷಕ್ಕೊಂದು ಹನಿ ತೆಗೆದು ಬಿಳಿ ಟೈಲಿನ ಮೇಲಿನ ಅಯೋಡಿನ್‌ಗೆ ಸೇರಿಸಿ. ಇಲ್ಲೊಂದು ಮೋಸವಿದೆ. ಗಂಜಿ ಮತ್ತು ಅಯೋಡಿನ್‌ನ ನೀಲಿ ಬಿಸಿಯಲ್ಲಿ ಮಾಯವಾಗುತ್ತದೆ. 80 ಡಿಗ್ರಿಯ ಹನಿ ನೀಲಿಯಾಗದಿದ್ದರೆ ಕಿಣ್ವ ಕೆಲಸ ಮಾಡಿತು ಎಂದು ಬರೆಯಬೇಡಿ. ಹನಿ ತಣ್ಣಗಾಗಲಿ, ನೀಲಿ ಮರಳುತ್ತದೆ.

ಮಣ್ಣಿನ ನೀರು ಹಿಡಿಯುವ ಶಕ್ತಿ ಅಳೆಯಲು ಹೊಲದ ಕೆಮ್ಮಣ್ಣನ್ನೂ ಕೆರೆ ಗೋಡನ್ನೂ ಒಣಗಿಸಿ ತಲಾ 50 ಗ್ರಾಂ ತನ್ನಿ. ತಳ ತೂತಾದ ಡಬ್ಬಿಯಲ್ಲಿ ಸೋಸುಕಾಗದ ಹಾಸಿ, ಅದನ್ನೂ ನೆನೆಸಿ ತೂಕ ಬರೆದುಕೊಂಡು, ಮಣ್ಣು ತುಂಬಿ ನೀರಿನ ತಟ್ಟೆಯಲ್ಲಿಡಿ. ಮೇಲ್ಮೈ ಒದ್ದೆಯಾದ ಮೇಲೆ ಎತ್ತಿ, ಹನಿ ನಿಂತಾಗ ತೂಗಿ. ಹೀರಿದ ನೀರಿನ ತೂಕವನ್ನು ಒಣಮಣ್ಣಿನ ತೂಕದಿಂದ ಭಾಗಿಸಿ ನೂರರಿಂದ ಗುಣಿಸಿ. ಗೋಡಿನ ಸಂಖ್ಯೆ ಹೆಚ್ಚು ಬರುತ್ತದೆ. ರೈತರು ಅದನ್ನು ಹೊಲಕ್ಕೆ ಹೊಡೆಸುವುದು ಸುಮ್ಮನೆ ಅಲ್ಲ. ಕ್ವಾಡ್ರಾಟ್ ಎಣಿಕೆಗೆ ಒಂದು ಮೀಟರ್ ಚೌಕ ಹಗ್ಗ, ಹತ್ತು ಜಾಗ. ಗರಿಕೆ ಎಣಿಸಲು ಹೋಗಬೇಡಿ, ಒಂದು ಗಿಡ ಎಲ್ಲಿ ಮುಗಿಯಿತು ಎಂದೇ ತಿಳಿಯುವುದಿಲ್ಲ. ತುಂಬೆ, ಕಾಂಗ್ರೆಸ್ ಗಿಡದಂಥ ಒಂಟಿ ಕಾಂಡದವು ಒಳ್ಳೆಯವು.

ಸ್ಪಾಟಿಂಗಿನಲ್ಲಿ (ಇಟ್ಟ ಮಾದರಿ ನೋಡಿ ಗುರುತಿಸುವುದು) ಹೆಸರಿಗಿಂತ ಗುರುತಿಸಿದ ಕಾರಣ ಮುಖ್ಯ. ವೃಷಣವಾದರೆ ಒತ್ತೊತ್ತಾಗಿ ಹಲವು ಉಂಗುರ, ಒಳಗೆ ವೀರ್ಯಾಣುವಿನ ಬಾಲ. ಅಂಡಾಶಯವಾದರೆ ಬೇರೆಬೇರೆ ಗಾತ್ರದ ಕೋಶಿಕೆಗಳು, ದೊಡ್ಡದರಲ್ಲಿ ದ್ರವ ತುಂಬಿದ ಖಾಲಿ ಜಾಗ.

ಉತ್ತರ ಪತ್ರಿಕೆ ಮತ್ತು ಓಎಂಆರ್

ಎರಡಂಕಕ್ಕೆ ಎರಡು ಅಂಶ, ಐದಂಕಕ್ಕೆ ಐದು ಅಂಶ ಅಥವಾ ಚಿತ್ರ ಮತ್ತು ಅಂಶ. ವ್ಯತ್ಯಾಸ ಕೇಳಿದರೆ ಕೋಷ್ಟಕದಲ್ಲಿ ಬರೆಯಿರಿ, ಎರಡೂ ಬದಿ ಒಂದೇ ವಿಷಯದ ಬಗ್ಗೆ ಇರಲಿ. ಎಡಗಡೆ ಜಾಗ, ಬಲಗಡೆ ಕೆಲಸ ಬರೆದರೆ ಅದು ವ್ಯತ್ಯಾಸವಾಗುವುದಿಲ್ಲ.

ಸಿಇಟಿಯಲ್ಲಿ ಜೀವಶಾಸ್ತ್ರಕ್ಕೆ 60 ಪ್ರಶ್ನೆ, 80 ನಿಮಿಷ, ತಪ್ಪಿಗೆ ಅಂಕ ಕಡಿತವಿಲ್ಲ. ಒಂದನ್ನೂ ಖಾಲಿ ಬಿಡಬಾರದು. ನೀಟ್‌ನಲ್ಲಿ 180ರಲ್ಲಿ 90 ಪ್ರಶ್ನೆ ಜೀವಶಾಸ್ತ್ರದ್ದು, ಸರಿಗೆ 4, ತಪ್ಪಿಗೆ 1 ಕಡಿತ. ಮೂರು ಗಂಟೆಯಲ್ಲಿ ಈ 90ನ್ನು ಮೊದಲ 50 ನಿಮಿಷಕ್ಕೆ ಮುಗಿಸಿದರೆ ಭೌತಶಾಸ್ತ್ರಕ್ಕೆ ಉಸಿರಾಡಲು ಸಮಯ ಸಿಗುತ್ತದೆ. ಎರಡು ಆಯ್ಕೆ ತಳ್ಳಿಹಾಕಿ ಎರಡು ಉಳಿದರೆ ಗುರುತು ಮಾಡುವುದು ಲಾಭ. ನಾಲ್ಕೂ ಸಮ ಅನ್ನಿಸಿದರೆ ಬಿಟ್ಟು ಮುಂದೆ ಹೋಗಿ. ‘ಸರಿಯಲ್ಲದ್ದು ಯಾವುದು’ ಎಂಬಲ್ಲಿ ‘ಅಲ್ಲ’ವನ್ನು ಪೆನ್ನಿನಿಂದ ಸುತ್ತುಹಾಕಿ.

ನೀಟ್ ಅನ್ನು ಕನ್ನಡದಲ್ಲೂ ಬರೆಯಬಹುದು. ಪುಸ್ತಿಕೆಯಲ್ಲಿ ಪ್ರಶ್ನೆಗಳ ಇಂಗ್ಲಿಷ್ ರೂಪವೂ ಇರುತ್ತದೆ, ಗೊಂದಲವಾದರೆ ಅಂತಿಮ ಅದೇ. ಪಿಯುಸಿ ಪೂರ್ತಿ ಇಂಗ್ಲಿಷಿನಲ್ಲಿ ಓದಿ, ಅರ್ಜಿ ತುಂಬುವ ದಿನ ಧೈರ್ಯಕ್ಕೆಂದು ಕನ್ನಡ ಆರಿಸಿದರೆ ಅನುವಾದದ ಪದಗಳು ಹೊಸದಾಗಿ ಕಾಡುತ್ತವೆ. ಅರ್ಜಿಗೆ ಮೊದಲು ಹಳೆಯ ಕನ್ನಡ ಪತ್ರಿಕೆಯೊಂದನ್ನು ಗಡಿಯಾರ ಇಟ್ಟುಕೊಂಡು ಬಿಡಿಸಿ ನೋಡಿ. ಎಷ್ಟು ಸಲ ಕಣ್ಣು ಇಂಗ್ಲಿಷ್ ಕಡೆಗೆ ಹೋಯಿತು ಎಂದು ಎಣಿಸಿ, ಆಮೇಲೆ ಭಾಷೆಯ ಕಾಲಂ ತುಂಬಿ.